ನನ್ನ ಕೈ ಅಳತೆಯ ಚೂರಿ

ಅವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಹಿಪ್ಪುನೇರಳೆ ಸೊಪ್ಪು ಕೊಯ್ದು ಕೊಯ್ದು ಆ ಸೀಳಿನೊಳಗೆ ಹಸಿರು ಕಪ್ಪಾಗಿ ಕೂತು, ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಅಂಗೈ ತುಂಬ ಜಡ್ಡು. ಆ ಕೈಯ ಒಂದೊಂದು ಗೆರೆಯೂ ನನಗೆ ಗೊತ್ತು. ವರ್ಷಗಟ್ಟಲೆ ಹತ್ತಿರದಿಂದ ನೋಡಿದ್ದೇನೆ. ಮುಟ್ಟಿಲ್ಲ.

ಅವರು ರೊಳ್ಳದ ಹತ್ತಿರದ ಒಂದು ಊರಿನ ತೋಟದ ಯಜಮಾನಮ್ಮ. ನಾನು ಬೆಳುಗುಪ್ಪ ಕಡೆಯವಳು, ಅಲ್ಲಿ ದೊಡ್ಡವರ ಜೊತೆ ಮಾತಿಗೆಲ್ಲ ‘ರೀ’ ಸೇರಿಸುವುದು ರೂಢಿ. ಮದುವೆಯಾಗಿ ಆ ಊರಿಗೆ ಬಂದು, ಬಂದ ತಿಂಗಳಲ್ಲೇ ಅವರ ತೋಟಕ್ಕೆ ಕೂಲಿಗೆ ಸೇರಿದೆ. ನಮ್ಮದು ಊರಾಚೆಯ ಕೇರಿ, ಮುಟ್ಟಬಾರದವರದು. ಮೊದಲ ದಿನ ನಾನು “ಏನ್ ಮಾಡ್ಬೇಕು ಹೇಳ್ರಿ ಅಮ್ಮಾರೆ” ಅಂದದ್ದಕ್ಕೆ ಅವರು ನಕ್ಕುಬಿಟ್ಟರು.

“ಏನಮ್ಮಿ ಇದು, ಗಂಡನ್ನ ಕರ್ದಂಗೆ ರೀ ರೀ ಅಂತೀಯ!”

ಅಂದಿನಿಂದ ನನ್ನ ಹೆಸರೇ ‘ರೀ’ ಆಯಿತು. “ಏ ರೀ, ಆ ಸಾಲು ಮುಗೀತೇನೆ?” ಎಂದು ತೋಟದ ಆ ತುದಿಯಿಂದ ಕೂಗುತ್ತಿದ್ದರು. ನನಗೂ ಅದು ಇಷ್ಟವಾಗಿತ್ತು.

ಕೆಟ್ಟವರಾಗಿದ್ದರೆ ನನಗೆ ಕಷ್ಟವಿರಲಿಲ್ಲ, ಬೈದುಕೊಂಡು ಮರೆಯುತ್ತಿದ್ದೆ. ರೇಷ್ಮೆ ಹುಳು ಪೊರೆ ಬಿಡುವ ಜ್ವರಕ್ಕೆ ಕೂತಿದೆಯೋ ಎದ್ದಿದೆಯೋ ಎಂದು ತಲೆ ಎತ್ತಿರುವ ರೀತಿಯಲ್ಲೇ ಹೇಳುವುದನ್ನು ಕಲಿಸಿದವರು ಅವರು. ನನ್ನ ಮಗಳು ಜ್ವರದಲ್ಲಿ ಎಚ್ಚರ ತಪ್ಪಿದಾಗ, ಊಟಕ್ಕೆ ಕೂತಿದ್ದ ಮಗನನ್ನು ಎಬ್ಬಿಸಿ ಬೈಕಿನಲ್ಲಿ ಮಡಕಶಿರಾದ ಆಸ್ಪತ್ರೆಗೆ ಕಳಿಸಿದವರೂ ಅವರೇ. ಆದರೆ ಕೊಡುವುದೆಲ್ಲ ಕೆಳಗೆ. ಮುದ್ದೆ ಕೆಳಗೆ, ಎಲೆಯಡಿಕೆ ಕೆಳಗೆ, ಹಬ್ಬದ ಸೀರೆ ಜಗುಲಿಯ ಕೆಳಗಿನ ಕಲ್ಲಿನ ಮೇಲೆ. ಅವರು ಇಟ್ಟು ಹಿಂದೆ ಸರಿದ ಮೇಲೆ ನಾನು ಎತ್ತಿಕೊಳ್ಳಬೇಕು. ಹುಳು ಸಾಕುವ ಮನೆಯೊಳಗೆ ಮಾತ್ರ ನನಗೆ ಅಡ್ಡಿಯಿರಲಿಲ್ಲ. ಬ್ಲೀಚಿಂಗ್ ನೀರಿನಲ್ಲಿ ಕೈಕಾಲು ತೊಳೆದರೆ ಸಾಕು. ಹುಳುಗಳಿಗೆ ನನ್ನ ಕೈ ಆಗುತ್ತಿತ್ತು. ಆ ಹುಳುಗಳ ರೇಷ್ಮೆ ಉಟ್ಟುಕೊಂಡು ಯಾರ್‍ಯಾರು ಯಾವ್ಯಾವ ದೇವರ ಮುಂದೆ ನಿಂತರೋ, ಅದನ್ನು ಯಾರೂ ಕೇಳಲಿಲ್ಲ.

ಚೂರಿಯೊಂದೇ ಬೇರೆ. ನಮ್ಮ ಕಡೆ ಚೂರಿಯನ್ನು ಯಾರೂ ಯಾರ ಕೈಗೂ ಕೊಡುವುದಿಲ್ಲ. ಕೊಟ್ಟರೆ ಇಬ್ಬರಿಗೂ ಜಗಳವಾಗುತ್ತದೆಂದು ನಂಬಿಕೆ. ನೆಲದ ಮೇಲಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಯಜಮಾನಮ್ಮ ತಮ್ಮ ಸೊಸೆಗೂ ಹಾಗೇ ಇಡುತ್ತಿದ್ದರು, ಒಡಹುಟ್ಟಿದ ತಮ್ಮನಿಗೂ ಹಾಗೇ. ಅದಕ್ಕೇ ಚೂರಿ ಎತ್ತಿಕೊಳ್ಳುವುದೆಂದರೆ ನನಗೆ ಒಳಗೊಳಗೇ ಖುಷಿ. ಆ ಒಂದು ಗಳಿಗೆ ನಾನೂ ಅವರ ತಮ್ಮನೂ ಒಂದೇ. ನಗಬೇಡಿ, ಇಂಥದಕ್ಕೂ ಆಸೆಪಡುವಂತೆ ಮಾಡಿಟ್ಟಿದ್ದರು ನಮ್ಮನ್ನು.

ನಾನೂ ಗಂಡನೂ ಅರ್ಧ ಎಕರೆ ಗುತ್ತಿಗೆ ಹಿಡಿದು ಹಿಪ್ಪುನೇರಳೆ ಹಾಕಿದ ವರ್ಷ ಅವರು, “ನಿನ್ ತೋಟಕ್ಕೆ ನಾನೇ ಒಂದು ಹೊಸ ಚೂರಿ ಮಾಡಿಸ್ಕೊಡ್ತೀನಿ ಕಣಮ್ಮಿ” ಅಂದರು. ಮಡಚುವಂಥದ್ದಲ್ಲ, ಗೇಣುದ್ದದ ಅಲಗು, ಮರದ ಹಿಡಿ, ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಚರ್ಮದ ಒರೆ. ಹಿಡಿಗೆ ಕೈ ಅಳತೆ ಬೇಕೆಂದಿದ್ದನಂತೆ ಮಡಕಶಿರಾದ ಆಚಾರಿ. ಅವರು ಹಸಿ ಜೇಡಿಮಣ್ಣಿನ ಒಂದು ಉಂಡೆ ಮಾಡಿ ಬದುವಿನ ಮೇಲಿಟ್ಟರು.

“ಗಟ್ಯಾಗಿ ಹಿಡ್ಕಾ, ಸೊಪ್ಪು ಕೊಯ್ಯಂಗೆ.”

ಹಿಡಿದೆ. ಬೆರಳಿನ ಗುರುತೆಲ್ಲ ಮೂಡಿತು. ಕೆಳಗಿಟ್ಟೆ. ಅದು ಬಿಸಿಲಿಗೆ ಒಣಗಿದ ಮೇಲೆ ಅವರು ಎತ್ತಿಕೊಂಡು, ನನ್ನ ಬೆರಳಿನ ಗುಳಿಗಳಲ್ಲಿ ತಮ್ಮ ಬೆರಳಿಟ್ಟು ನೋಡಿದರು. “ನಿನ್ ಕೈ ನನ್ ಕೈಗಿಂತ ಚಿಕ್ಕದು ಕಣೆ,” ಅಂದರು. ಅದನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಆಚಾರಿಯ ಬಳಿಗೆ ಹೋದರು.

ಚೂರಿ ಬಂತು. ಎಂದಿನಂತೆ ನೆಲದ ಮೇಲಿಟ್ಟರು. ನನಗೆ ಏನನ್ನಿಸಿತೋ, “ಇದೊಂದಾದ್ರೂ ಕೈಗೇ ಕೊಡ್ರಿ ಅಮ್ಮಾರೆ” ಅಂದೆ.

“ಜಗಳ ಆಗ್ತೈತಮ್ಮಿ. ನಂಗೆ ನೀನು ಬೇಕು.”

ನಂಬಿದೆ. ಎಷ್ಟು ನಂಬಿದೆನೆಂದರೆ ಮನೆಗೆ ಹೋಗಿ ಗಂಡನಿಗೆ ಅದನ್ನೇ ಮತ್ತೆ ಮತ್ತೆ ಹೇಳಿದೆ.

ಆಮೇಲೆ ಒಂದು ದಿನ ಅವರ ತೋಟದಲ್ಲಿ ನೀರಿನ ಪೈಪು ಒಡೆದು, ಹಳೆಯ ಗೊಬ್ಬರದ ಗುಂಡಿ ಕೆಸರಾಗಿತ್ತು. ಯಜಮಾನಮ್ಮ ಜಾರಿ ಸೊಂಟದವರೆಗೆ ಹೂತುಕೊಂಡರು. ನಾನು ಓಡಿಹೋಗಿ ಕೈ ಚಾಚಿದೆ. ಅವರು ನನ್ನ ಕೈ ನೋಡಿದರು. ಸುತ್ತ ನೋಡಿದರು. ಮತ್ತೆ ಕೈ ನೋಡಿದರು.

“ಒಂದು ಕೊಂಬೆ ಕಡ್ದು ಕೊಡೇ, ರೀ.”

ಅವರು ಮಾಡಿಸಿಕೊಟ್ಟ ಚೂರಿಯಲ್ಲೇ ಹೊಂಗೆಯ ಕೊಂಬೆ ಕಡಿದು ಚಾಚಿದೆ. ಆ ತುದಿ ಅವರು, ಈ ತುದಿ ನಾನು. ಎಳೆದು ಮೇಲೆ ಹಾಕಿದೆ. ಕುಂಟುತ್ತ ನಡೆಯುವಾಗ, “ಚೂರಿ ಚೆನ್ನಾಗಿ ಕಡೀತೈತೆ” ಅಂದರು. ಅಲ್ಲಿ ಯಾರೂ ಇರಲಿಲ್ಲ, ನೋಡುವವರು ಒಬ್ಬರೂ ಇರಲಿಲ್ಲ. ಇವತ್ತಿಗೂ ನನ್ನ ಹೊಟ್ಟೆ ಉರಿಯುವುದು ಅದಕ್ಕೇ. ಆದರೂ ಜಗಳವಾಡಲಿಲ್ಲ. ಚೂರಿ ಕೈಯಿಂದ ಕೈಗೆ ಬಂದಿರಲಿಲ್ಲವಲ್ಲ.

ಹೋದ ವರ್ಷ ಅವರು ತೀರಿಕೊಂಡರು. ನಾನು ಅಂಗಳದಾಚೆ ನಿಂತಿದ್ದೆ. ಚಟ್ಟ ಕಟ್ಟುವವರಿಗೆ ಹಗ್ಗ ಕೊಯ್ಯಲು ಏನೂ ಸಿಗಲಿಲ್ಲ. ಮಗನ ಕಣ್ಣು ನನ್ನ ಸೊಂಟದ ಮೇಲೆ ಬಿತ್ತು. ನಾನು ಚೂರಿ ತೆಗೆದು, ಹಿಡಿಯನ್ನು ಅವನ ಕಡೆ ಮಾಡಿ ಚಾಚಿದೆ. “ಕೆಳಗಿಕ್ಕು” ಅಂದ. ಚೂರಿಯೆಂದು ಹೇಳಿದನೋ, ನಾನೆಂದು ಹೇಳಿದನೋ. ಇಟ್ಟೆ. ಹಿಡಿ ಅವನ ಕೈಗೆ ಕೂರದೆ ಜಾರಿತು. ಅಂತೂ ಚೂರಿ ಯಜಮಾನಮ್ಮನ ಪಕ್ಕಕ್ಕೆ ಹೋಗಿ ಕೆಲಸ ಮಾಡಿ ಬಂತು, ನಾನು ಹೋಗಲಿಲ್ಲ. ಅವರ ಕೈಯ ಹೆಬ್ಬೆರಳುಗಳನ್ನು ಸೇರಿಸಿ ದಾರ ಕಟ್ಟಿದ್ದರು. ಸೀಳಿದ ಉಗುರು ದೂರದಿಂದಲೇ ಕಂಡಿತು. ಅಳು ಬಂತು, ಅತ್ತುಬಿಟ್ಟೆ. ಅಳುವುದಕ್ಕೆ ಯಾರೂ ಬೇಡವೆನ್ನಲಿಲ್ಲ.

ಈ ಬೇಸಿಗೆಯಲ್ಲಿ ಅವರ ಮನೆಯ ಹುಳುಗಳಿಗೆ ಸೊಪ್ಪು ಸಾಲದಾಯಿತು. ಸೊಸೆ ನನ್ನ ತೋಟಕ್ಕೆ ಬಂದರು. ಸೊಪ್ಪು ಕೊಯ್ಯಲು ಚೂರಿ ಕೇಳಿದರು. ನಾನು ಅಲಗು ಹಿಡಿದು, ಹಿಡಿಯನ್ನು ಅವರ ಕಡೆ ಚಾಚಿದೆ.

“ಕೆಳಗಿಕ್ಕು, ಜಗಳ ಆಗ್ತೈತೆ.”

“ಆದ್ರ ಆಗಲಿ ಬಿಡ್ರಿ. ಕೈಗೇ ತಗೊಳ್ರಿ. ಇಲ್ಲಾಂದ್ರ ಸೊಪ್ಪು ಇಲ್ಲ.”

ಅವರು ಥೇಟ್ ಅತ್ತೆಯಂತೆಯೇ ಸುತ್ತ ನೋಡಿದರು. ನಾನು ಕೈ ಇಳಿಸಲಿಲ್ಲ. ಮನೆಯಲ್ಲಿ ಹುಳುಗಳು ಹಸಿದು ಕಾಯುತ್ತಿದ್ದವು. ಕೊನೆಗೆ ತಗೊಂಡರು. ಬೆರಳಿಗೆ ಬೆರಳು ತಾಗಿತು; ಮೆತ್ತಗಿನ ಕೈ, ಉಗುರುಗಳೆಲ್ಲ ನೆಟ್ಟಗಿದ್ದವು. ನನಗೆ ಬೇಕಿದ್ದದ್ದು ಈ ಕೈಯಲ್ಲ.