ನೀಲಾಬಾಯಿ ಓದಿದ ಕೊನೆಯ ಪುಟಗಳು

ಹನ್ನೂರಿನ ಹೊಲಮನೆಯವರ ಮಗಳು ನೀಲಾಬಾಯಿಗೆ ಓದು ಕಲಿಸಿದವನು ಅವಳ ಗಂಡ. ಅಕ್ಕಲಕೋಟೆಯಲ್ಲಿ ಕನ್ನಡ ಸಾಲೆಯ ಮಾಸ್ತರನಾಗಿದ್ದ ಅವನು ಮದುವೆಯಾದ ಎರಡನೆಯ ವರ್ಷವೇ ಜ್ವರ ಬಂದು ತೀರಿಕೊಂಡ. ಅವಳು ತವರಿಗೆ ಮರಳಿದಳು. ಅಲ್ಲಿ ಪಕ್ಕದ ಹೊಲದ ಬಂಡೆಪ್ಪನ ಹೆಂಡತಿಯೂ ಸತ್ತಿದ್ದಳು. ಅವನು ನೀಲಾಬಾಯಿಯನ್ನು ಉಡಿಕೆ ಮಾಡಿಕೊಳ್ಳುತ್ತೇನೆಂದು ಹಿರಿಯರನ್ನು ಕಳಿಸಿದ. ನಮ್ಮ ಮನೆತನದಲ್ಲಿ ಹೆಣ್ಣಿಗೆ ಎರಡನೆಯ ಮದುವೆಯಿಲ್ಲ ಎಂದು ಅಪ್ಪ ಅವರನ್ನು ಅಂಗಳದಿಂದಲೇ ತಿರುಗಿಸಿದ. ನೀಲಾಬಾಯಿಯನ್ನು ಯಾರೂ ಕೇಳಲಿಲ್ಲ. ಮುಂದೆ ಅವಳು ಸೋಲಾಪುರದ ಗಿರಣಿಯಲ್ಲಿದ್ದ ಅಣ್ಣ ಕಲ್ಲಣ್ಣನ ಮನೆ ಸೇರಿದಳು.

ಅಣ್ಣನ ಚಾಳಿನ ಅಂಗಳದಲ್ಲಿ ಹತ್ತು ಹನ್ನೆರಡು ಹೆಂಗಸರು ಕೂತು ಬೀಡಿ ಕಟ್ಟುತ್ತಿದ್ದರು. ನೀಲಾಬಾಯಿಯ ಬೆರಳಿಗೆ ಆ ಕೆಲಸ ಹತ್ತಲಿಲ್ಲ; ಎಲೆ ಹರಿಯುತ್ತಿತ್ತು, ದಾರ ಸಡಿಲಾಗುತ್ತಿತ್ತು. ಒಂದು ಮಧ್ಯಾಹ್ನ ಬೇಸರ ಕಳೆಯಲೆಂದು ವಾಚನಾಲಯದ ಕಾದಂಬರಿಯೊಂದನ್ನು ಗಟ್ಟಿಯಾಗಿ ಓದಿದಳು. ಮರುದಿನ ಹೆಂಗಸರೇ ಮುಂದೇನಾಯಿತೆಂದು ಕೇಳಿದರು. ಅಲ್ಲಿಂದ ಅವಳು ಓದುವುದು, ಅವರು ತಲಾ ಒಂದೆರಡು ಕಟ್ಟು ಬೀಡಿ ಅವಳ ಮೊರಕ್ಕೆ ಹಾಕುವುದು ರೂಢಿಯಾಯಿತು.

ಇದು ಐವತ್ತೊಂದು, ಐವತ್ತೆರಡರ ಮಾತು. ಧಾರವಾಡ, ಹುಬ್ಬಳ್ಳಿಯಿಂದ ಬರುತ್ತಿದ್ದ ಪ್ರೇಮದ ಕಾದಂಬರಿಗಳಲ್ಲಿ ಆಗ ವಿಧವೆಯರದೇ ಕಾಲ. ವಿಧವೆ ಯಾರಿಗೋ ಒಲಿಯುತ್ತಾಳೆ, ಇನ್ನೂರು ಪುಟ ಅಳುತ್ತಾಳೆ, ಕೊನೆಗೆ ಕ್ಷಯ ತಗುಲಿಯೋ ಬಾವಿಗೆ ಹಾರಿಯೋ ಸಾಯುತ್ತಾಳೆ. ಸತ್ತ ಮೇಲೆ ಊರೆಲ್ಲ ಅವಳನ್ನು ಹೊಗಳುತ್ತದೆ. ಮೊದಲ ಪುಸ್ತಕ ಮುಗಿಯಲು ಬಂದಾಗ ಬಾವಿಯ ಸಾಲು ನೀಲಾಬಾಯಿಯ ಬಾಯಿಂದ ಹೊರಡಲಿಲ್ಲ. ಕಣ್ಣು ಪುಟದ ಮೇಲೆಯೇ ಇತ್ತು, ನಾಲಗೆ ಬೇರೆ ಹೇಳಿತು: ಅವನು ಓಡಿ ಬಂದ, ಬಾವಿಯ ಕಟ್ಟೆಯಿಂದ ಅವಳನ್ನು ಇಳಿಸಿದ, ಬೇರೆ ಊರಲ್ಲಿ ಮನೆ ಮಾಡಿದ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಐದು ವರ್ಷ ಅವಳು ಒಬ್ಬ ವಿಧವೆಯನ್ನೂ ಸಾಯಗೊಡಲಿಲ್ಲ.

ಬಾವಿಯ ಕತೆಯನ್ನು ಮೂರು ಸಲ ಓದಿಸಿಕೊಂಡವಳು ಸೋಮವ್ವ. ಹೋಟಗಿಯವಳು, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಗಿರಣಿಯಲ್ಲಿ ಕೂಲಿಗಳ ಮೇಲ್ವಿಚಾರಣೆ ನೋಡುವ ಮುಕಾದಮನೊಬ್ಬ ಮದುವೆಯಾಗುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದ. ಅವಳ ಅಣ್ಣ ಒಬ್ಬ ರೈತನನ್ನು ಒಪ್ಪಿಸಿ ಉಡಿಕೆಗೆ ಕರೆದಾಗ ಸೋಮವ್ವ ಒಲ್ಲೆನೆಂದಳು. ಈ ಸುದ್ದಿ ಕೇಳಿ ನೀಲಾಬಾಯಿಗೆ ಒಳಗೊಳಗೇ ಹಿಗ್ಗಾಯಿತು.

ರಾಜ್ಯಗಳ ಗಡಿ ಹಾಕಿದಾಗ ಸೋಲಾಪುರ ಮುಂಬಯಿ ರಾಜ್ಯದಲ್ಲೇ ಉಳಿಯಿತು. ವಾಚನಾಲಯಕ್ಕೆ ಕನ್ನಡ ಪುಸ್ತಕ ಬರುವುದು ಕಡಿಮೆಯಾಯಿತು. ಮರಾಠಿ ಸಾಲೆಗೆ ಹೋಗುತ್ತಿದ್ದ ಕಲ್ಲಣ್ಣನ ಮಗಳು ಮುಕ್ತಾ ತರುತ್ತಿದ್ದ ಮರಾಠಿ ಕಾದಂಬರಿಗಳೇ ಗತಿಯಾದವು. ರಟ್ಟಿನ ಮೇಲೆ ಸೈಕಲ್ ಹಿಡಿದ ಹುಡುಗಿ, ಒಳಗೆ ಕಾಲೇಜು, ಪತ್ರ, ತೋಟ, ಕೊನೆಗೆ ಮದುವೆ. ನೀಲಾಬಾಯಿ ತಡವರಿಸುತ್ತ ಓದಿ ಕನ್ನಡದಲ್ಲಿ ಹೇಳುತ್ತಿದ್ದಳು. ಈ ಪುಸ್ತಕಗಳಲ್ಲಿ ಯಾರೂ ಬಾವಿಗೆ ಹಾರುತ್ತಿರಲಿಲ್ಲ. ಆದರೆ ವಿಧವೆ ಈಗ ನಾಯಕಿಯ ಸೋದರತ್ತೆಯಾಗಿದ್ದಳು. ಗಂಡಿನ ಕಡೆಯವರಿಗೆ ಚಹಾ ತಂದಿಡುತ್ತಾಳೆ, ಒಳಗೆ ಹೋಗುತ್ತಾಳೆ, ಮುಂದೆ ಅವಳ ಸುದ್ದಿಯಿಲ್ಲ.

ನೀಲಾಬಾಯಿ ಆ ಅತ್ತೆಯ ಬಾಯಿಗೆ ನಾಲ್ಕು ಮಾತು ಹಾಕಿದಳು. ಎಳೆಯ ಹೆಣ್ಣುಮಕ್ಕಳು ಆಕಳಿಸಿದರು. ಅತ್ತಿ ಸುದ್ದಿ ಬಿಟ್ಟು ಹುಡುಗಿ ಏನು ಪತ್ರ ಬರೆದಳೆಂದು ಹೇಳಲು ಅವಸರ ಮಾಡಿದರು. ಅವಳು ಹಟಕ್ಕೆ ಬಿದ್ದು ಒಂದು ದಿನ ಅತ್ತೆಯನ್ನು ನಾಯಕನ ಕಾಕಾನಿಗೆ ಮದುವೆ ಮಾಡಿಸಿಬಿಟ್ಟಳು. ಆಗ ಮುಕ್ತಾ ಬಾಗಿಲಲ್ಲೇ ನಿಂತಿದ್ದಳು.

"ಅತ್ಯಾ, ಪುಸ್ತಕದಾಗ ಹಂಗಿಲ್ಲ. ಆಕಿ ಚಹಾ ಕೊಟ್ಟು ಒಳಗ ಹೋಗ್ತಾಳ, ಅಷ್ಟ."

ಎಲ್ಲರೂ ನಕ್ಕರು. ಸೋಮವ್ವ ಮಾತ್ರ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟಳು. ಆಮೇಲೆ ಕೇಳಿದಳು.

"ನೀಲಕ್ಕ, ಆ ಬಾವಿ ಕತಿ? ಅದರಾಗ ಅಂವ ಬಂದಿದ್ದನ?"

ಬಂದಿದ್ದ ಎಂದುಬಿಡಬಹುದಾಗಿತ್ತು. ಆದರೆ ಮುಕ್ತಾ ಕನ್ನಡವನ್ನೂ ಅಕ್ಷರ ಕೂಡಿಸಿ ಓದಬಲ್ಲಳು, ಪುಸ್ತಕ ವಾಚನಾಲಯದಲ್ಲೇ ಇತ್ತು.

"ಇಲ್ಲ," ಎಂದಳು ನೀಲಾಬಾಯಿ. "ಆಕಿ ಹಾರಿದ್ಳು."

ಮುಕಾದಮ ಎರಡು ವರ್ಷದ ಹಿಂದೆಯೇ ತನ್ನ ಜಾತಿಯ ಹುಡುಗಿಯನ್ನು ಮದುವೆಯಾಗಿದ್ದ. ಸೋಮವ್ವನ ಅಣ್ಣ ಹುಡುಕಿದ್ದ ರೈತನಿಗೆ ಈಗ ಎರಡು ಮಕ್ಕಳು.

"ಅವತ್ತ ಹೇಳಿದ್ರ ನಾ ಅಂವನ ದಾರಿ ಕಾಯ್ತಿದ್ದಿಲ್ಲರಿ," ಎಂದಳು ಸೋಮವ್ವ. ದನಿ ಏರಿಸಲಿಲ್ಲ. "ನಿಮ್ಮ ಆಸೆ ನಿಮ್ಮ ಹತ್ರನ ಇಟಗೋಬೇಕಿತ್ತು."

ನೀಲಾಬಾಯಿ ಒಳ್ಳೆಯದನ್ನೇ ಬಯಸಿದ್ದಳೆಂದು ಯಾರೂ ಹೇಳಲಿಲ್ಲ. ಹಾಗೆ ಹೇಳಿಕೊಳ್ಳಲು ಅವಳಿಗೇ ನಾಚಿಕೆಯಾಯಿತು.

ಮರುದಿನದಿಂದ ಮುಕ್ತಾ ಓದಿದಳು, ಮರಾಠಿಯಲ್ಲೇ, ಸರಸರನೆ, ಒಂದಕ್ಷರ ಕೂಡಿಸದೆ, ಬಿಡದೆ. ಅರ್ಥವಾಗದವರು ಪಕ್ಕದವರನ್ನು ಕೇಳಿಕೊಂಡರು. ಬೀಡಿಯ ಕಟ್ಟುಗಳು ಅವಳ ಮೊರಕ್ಕೆ ಬಿದ್ದವು. ನೀಲಾಬಾಯಿ ಗೋಡೆಗೆ ಒರಗಿ ಕೂತು, ನಲವತ್ತರ ಹತ್ತಿರದ ವಯಸ್ಸಿನಲ್ಲಿ ಹೊಸದಾಗಿ ಬೀಡಿ ಕಟ್ಟಲು ಕಲಿತಳು. ಕಾರಖಾನೆಯವನು ಅವಳ ಬೀಡಿಗಳಲ್ಲಿ ಅರ್ಧವನ್ನು ದಿನವೂ ತೆಗೆದೆಸೆಯುತ್ತಿದ್ದ. ಸೋಮವ್ವ ಹೋಟಗಿಗೆ ಮರಳಿ ಹೋದಳು, ಹೋಗುವಾಗ ಹೇಳಲಿಲ್ಲ.

ಐವತ್ತೊಂಬತ್ತರಲ್ಲಿ ಕಲ್ಲಣ್ಣ ವಾಚನಾಲಯದಿಂದ ಒಂದು ಕನ್ನಡ ಕಾದಂಬರಿ ತಂದುಕೊಟ್ಟ. ಅದರಲ್ಲಿ ವಿಧವೆ ಸಾಯುವುದಿಲ್ಲ, ಹಾರ ಹಾಕಿಸಿಕೊಂಡು ಮದುವೆಯಾಗುತ್ತಾಳೆ. ಧಾರವಾಡದಲ್ಲಿ ಜನ ಮುಗಿಬಿದ್ದು ಓದುತ್ತಿದ್ದಾರೆ, ಆಗಲೇ ಮೂರನೆಯ ಅಚ್ಚು ಎಂದ. ತಂಗಿಗೆ ಸಂತೋಷವಾದೀತೆಂದು ಅವನ ಎಣಿಕೆ. ನೀಲಾಬಾಯಿ ಒಳಮನೆಯಲ್ಲಿ ಕೂತು ಮನಸ್ಸಿನಲ್ಲೇ ಓದಿದಳು. ಹದಿನೈದು ದಿನ ಹಿಡಿಯಿತು. ಮುಗಿದ ಮೇಲೆ ಅಣ್ಣನ ಕೈಗೆ ಕೊಟ್ಟಳು. ಹ್ಯಾಂಗದ ಎಂದು ಅವನು ಕೇಳಿದ.

"ತಡಾ ಆತು," ಎಂದಳು.

ವಾಚನಾಲಯದ ವಾಯಿದೆ ಮೀರಿತೆಂದು ತಿಳಿದ ಕಲ್ಲಣ್ಣ, ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಆಗಲೇ ಹೊರಟ.