ಖಾನಾಪುರದಲ್ಲೊಂದು ಲಂಡನ್ ವಿಳಾಸ

ಖಾನಾಪುರದಲ್ಲಿ ಭಾಷಣ ಮುಗಿಸಿ ಬಂದು ಸ್ಟೇಶನ್ನಿನ ಬೆಂಚಿನ ಮೇಲೆ ಗಾಡಿಗೆ ಕಾಯುತ್ತಿದ್ದೆ. ಬಾಂಗ್ಲಾ ಯುದ್ಧ ಮುಗಿದು ಎರಡು ವರ್ಷವಾಗಿತ್ತು. ಪಕ್ಕದಲ್ಲಿದ್ದ ಮುದುಕರು ಊರಿನ ದರ್ಜಿ. ಅವರು ಕೇಳಿದರೆಂದು ರಷ್ಯಾದ ಒಪ್ಪಂದ, ಅಮೆರಿಕದ ಯುದ್ಧನೌಕೆ ಎಲ್ಲವನ್ನೂ ಹುರುಪಿನಿಂದ ವಿವರಿಸಿದೆ. ಕಾಲೇಜಿನಲ್ಲಿ ನಾನು ಕಲಿಸುವುದೇ ಅದನ್ನು.

ಅವರು ಕಿಸೆಯಿಂದ ಲಕೋಟೆ ತೆಗೆದರು. "ಸರ್, ಇದರ ಮ್ಯಾಲ ಇಂಗ್ಲಿಷಿನಾಗ ಅಡ್ರೆಸ್ ಬರದ ಕೊಡ್ರಿ. ಲಂಡನ್ನಿನ್ಯಾಗ ನಮ್ಮ ಕಾಕಾನ ಮಗ ಅದಾನ. ಅಂವಾ ಕರಾಚಿಗೆ ಕಳಸ್ತಾನ, ನಮ್ಮ ತಂಗಿಗೆ. ಸೀದಾ ಟಪಾಲ ಹೋಗೂದಿಲ್ಲಲ್ರೀ."

ಎರಡು ದೇಶಗಳ ನಡುವೆ ಅಂಚೆ ನಿಂತದ್ದು ನನಗೆ ಗೊತ್ತಿತ್ತು. ಕಾಗದ ಹೀಗೆ ಲೋಕ ಸುತ್ತುತ್ತದೆಂದು ಗೊತ್ತಿರಲಿಲ್ಲ.

"ಒಳಗೇನ ಬರದೀರಿ?" ಎಂದು ಪೊಲೀಸರಂತೆ ಕೇಳಿದೆ.

"ಅಮ್ಮಾ ತೀರಿಕೊಂಡಿದ್ದು ಬರದೇನ್ರಿ. ಮೂರ ತಿಂಗಳಾತು, ಆಕಿಗಿನ್ನ ಗೊತ್ತಿಲ್ಲ."

ಕರಾಚಿಗೆ ಹೋಗುವ ಕಾಗದದ ಮೇಲೆ ನನ್ನ ಕೈಬರಹ ಸಿಕ್ಕಿದರೆ ಸರಕಾರಿ ನೌಕರಿಯ ಗತಿಯೇನು ಎಂದು ಹೆದರಿದೆ. "ಗಾಡಿ ಬರೂ ಹೊತ್ತಾತ್ರಿ," ಎನ್ನುತ್ತಾ ಎದ್ದು ನಿಂತೆ.

ಅವರು ಲಕೋಟೆಯನ್ನು ಮೆಲ್ಲಗೆ ಕಿಸೆಗಿಟ್ಟುಕೊಂಡರು. "ಕುಂದರ್ರಿ ಸರ್. ಗಾಡಿ ಇನ್ನ ಒಂದ ತಾಸ ತಡಾ ಐತಿ. ನಿಮಗೂ ನೌಕರಿ ಐತಿ, ತಿಳೀತೈತಿ."

ಆ ಒಂದು ತಾಸು ಇಬ್ಬರೂ ಅದೇ ಬೆಂಚಿನ ಮೇಲೆ ಕೂತೆವು. ಚಹಾ ಅವರೇ ತರಿಸಿದರು. ನಾನು ಕುಡಿದೆ.