ಕೊಂಬಣ್ಣ ಗಾಜು ಓದಿದ್ದು

ಕೊಂಬಣ್ಣ ಎಂಬ ಹೆಸರನ್ನು ಅವನಿಗೆ ಇಟ್ಟವರು ಮುದ್ರಣಾಲಯದ ಗೆಳೆಯರು. ತಲೆಯ ಮೇಲೆ ಕೊಂಬಿತ್ತು ಎಂದಲ್ಲ. ಯಾವುದಾದರೂ ಅಕ್ಷರಕ್ಕೆ ಕೊಂಬು ಬಿಟ್ಟುಹೋಗಿದ್ದರೆ ಹಾಳೆ ಇನ್ನೂ ಮೇಜಿಗೆ ಬರುವ ಮೊದಲೇ ಅವನಿಗೆ ಕಾಣುತ್ತಿತ್ತು. ಮೂವತ್ತೊಂದು ವರ್ಷ ಅಲ್ಲಿ ಕರಡು ತಿದ್ದಿದ. ಪಠ್ಯಪುಸ್ತಕ, ಬಸ್ಸಿನ ವೇಳಾಪಟ್ಟಿ, ಔಷಧಿ ಬಾಟಲಿಯ ಚೀಟಿ, ಎಲ್ಲವೂ ಅವನ ಕೆಂಪು ಪೆನ್ನಿನ ಕೆಳಗೆ ನುಸುಳಿಯೇ ಹೊರಗೆ ಹೋಗಬೇಕಿತ್ತು. ಒಮ್ಮೆ ಒಂದು ದಪ್ಪ ಪುಸ್ತಕದ ಕೊನೆಯಲ್ಲಿದ್ದ ‘ತಪ್ಪು ಒಪ್ಪು’ ಪಟ್ಟಿಯಲ್ಲೇ ನಾಲ್ಕು ತಪ್ಪು ಹಿಡಿದ. ಅದನ್ನು ಬರೆದವರು ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲವಂತೆ.

ನಿವೃತ್ತಿಯಾದ ಮೇಲೆ ಕೈಗೆ ಕೆಲಸವಿಲ್ಲದೆ ಹೋಯಿತು, ಕಣ್ಣಿಗೆ ಮಾತ್ರ ರಜೆ ಸಿಗಲಿಲ್ಲ. ಎದುರುಮನೆಯ ಗೇಟು ಅರ್ಧ ಇಂಚು ವಾಲಿದೆ ಎಂದು ಹೇಳಿ ಎದುರುಮನೆಯವರ ಸ್ನೇಹ ಕಳೆದುಕೊಂಡ. ಕ್ಷೌರದಂಗಡಿಯ ಬೋರ್ಡಿನಲ್ಲಿ ಒಂದು ಒತ್ತಕ್ಷರ ತಪ್ಪಾಗಿದೆ ಎಂದು ಕುತ್ತಿಗೆಯ ಹತ್ತಿರ ಕತ್ತಿ ಆಡುತ್ತಿರುವಾಗಲೇ ಹೇಳಿದ. “ಮೊಸರಲ್ಲಿ ಕಲ್ಲು ಹುಡುಕೋರನ್ನ ನೋಡಿದೀನಿ. ನೀವು ಹಾಲಲ್ಲೇ ಶುರು ಮಾಡ್ತೀರಿ” ಎನ್ನುತ್ತಿದ್ದಳು ಹೆಂಡತಿ.

ಹೆಂಡತಿ ಇನ್ನೂ ದುಡಿಯುತ್ತಿದ್ದಳು. ಹಾಸಿಗೆ ಹಿಡಿದ ರೋಗಿಗಳ ಮನೆಗೆ ಹೋಗಿ ಗಾಯ ಕಟ್ಟುವ, ಸೂಜಿ ಚುಚ್ಚುವ ನರ್ಸು. ದಿನಕ್ಕೆ ಎಂಟು ಹತ್ತು ಮನೆ. ಬಿಳಿ ಬಣ್ಣದ ಹಳೆಯ ಪುಟ್ಟ ಕಾರನ್ನು ಅವಳೇ ಓಡಿಸುತ್ತಿದ್ದಳು. ಕೊಂಬಣ್ಣ ಕಲಿಯಲೇ ಇಲ್ಲ. ರಸ್ತೆಬದಿಯ ಬೋರ್ಡುಗಳನ್ನು ಓದದೆ ಅವನಿರಲಾರ, ಓದುತ್ತಾ ಓಡಿಸಲಾರ. ನೆತ್ತಿಯ ಮೇಲಿನ ಬಿಸಿಲಲ್ಲಿ ಸುತ್ತಿ ಸುತ್ತಿ ಅವಳ ಕೈ ಸುಟ್ಟಂತೆ ಉರಿಯತೊಡಗಿದಾಗ, ಕಾರಿನ ಗಾಜುಗಳಿಗೆ ಫಿಲ್ಮ್ ಅಂಟಿಸುವುದೆಂದು ತೀರ್ಮಾನವಾಯಿತು. ಕಪ್ಪಲ್ಲ, ತೆಳು ಹೊಗೆಯ ಬಣ್ಣದ್ದು, ಕಾನೂನು ಒಪ್ಪುವಷ್ಟೇ.

ಟೈರ್ ಅಂಗಡಿಯ ಹಿಂದೆ ಒಂದು ಉದ್ದನೆಯ ಶೆಡ್ಡು. ಒಳಗೆ ಸೋಪಿನ ನೀರಿನ ವಾಸನೆ, ಗೋಡೆಗೆ ಒರಗಿಸಿಟ್ಟ ಫಿಲ್ಮ್ ಸುರುಳಿಗಳು. ಕೆಲಸ ಮಾಡುತ್ತಿದ್ದವಳು ನಲವತ್ತರ ಆಸುಪಾಸಿನ ಗಟ್ಟಿಗಿತ್ತಿ. ಸೊಂಟದ ಪಟ್ಟಿಯಲ್ಲಿ ಬ್ಲೇಡು, ಕೈಯಲ್ಲಿ ನೀರು ಒರೆಸುವ ರಬ್ಬರ್ ಪಟ್ಟಿ. ಮಧ್ಯಾಹ್ನದ ಹೊತ್ತಿಗೆ ಕಾರು ಸಿದ್ಧ ಮಾಡಿ ಹೇಳಿದಳು:

“ಅಕ್ಕಾ, ನಾಲ್ಕು ದಿನ ಗಾಜು ಇಳಿಸಬೇಡಿ. ಒಳಗಡೆ ಒರೆಸಬೇಡಿ. ಸಣ್ಣ ಸಣ್ಣ ಗುಳ್ಳೆ ಕಾಣುತ್ತೆ, ಅದು ಒಳಗೆ ಉಳಿದ ನೀರು. ಮೂರು ವಾರದಲ್ಲಿ ತಾನೇ ಆರಿಹೋಗುತ್ತೆ. ಅಲ್ಲೀವರೆಗೂ ನನ್ನ ಬೈಬೇಡಿ.”

“ಮೂರು ವಾರ ಆದ್ಮೇಲೆ ಬೈಬಹುದಾ?” ಎಂದ ಕೊಂಬಣ್ಣ.

“ಆಮೇಲೆ ಬನ್ನಿ ಅಣ್ಣಾ, ಕೂತ್ಕೊಂಡು ಬೈಯೋರಂತೆ.”

ಮೂರು ವಾರ ಎಲ್ಲಿ ಬಂತು? ಮೂರು ಗಂಟೆಯೂ ತಡೆಯಲಿಲ್ಲ. ಸಂಜೆಯ ಬಿಸಿಲು ಓರೆಯಾಗಿ ಅಂಗಳಕ್ಕೆ ಬಿದ್ದಾಗ ಕೊಂಬಣ್ಣ ಕಾರಿನ ಮುಂದೆ ನಿಂತಿದ್ದ. ಗಾಜಿನ ತುಂಬ ಸೊನ್ನೆಗಳು. ಸಾಸಿವೆಯಷ್ಟು ಕೆಲವು, ಎಳ್ಳಿನಷ್ಟು ಕೆಲವು. ಅವನ ಎದೆ ಹೊಡೆದುಕೊಂಡಿತು. ನಿಜ ಹೇಳಬೇಕೆಂದರೆ ಅದು ಸಂಕಟದಿಂದಲ್ಲ. ಎರಡು ವರ್ಷದಿಂದ ಅವನಿಗೆ ಇಷ್ಟು ಒಳ್ಳೆಯ ಕರಡು ಸಿಕ್ಕಿರಲಿಲ್ಲ.

ಮರುದಿನ ಬೆಳಕು ಹರಿಯುವಾಗಲೇ ಎದ್ದು, ಬಿಳಿ ಮಾರ್ಕರ್ ಹಿಡಿದು, ಗಾಜಿನ ಹೊರಗಡೆಯಿಂದ ಪ್ರತಿ ಗುಳ್ಳೆಗೂ ಒಂದು ವೃತ್ತ ಎಳೆದು ಪಕ್ಕದಲ್ಲಿ ಸಂಖ್ಯೆ ಬರೆದ. ಒಟ್ಟು ನಲವತ್ತೇಳು. ಎಲ್ಲವನ್ನೂ ಒಂದು ಹಾಳೆಯ ಮೇಲೆ ಪಟ್ಟಿ ಮಾಡಿದ: ಯಾವ ಗಾಜು, ಮೇಲೋ ಕೆಳಗೋ, ದುಂಡಗೋ ಉದ್ದಕ್ಕೋ. ಕೆಲಸ ಮುಗಿದ ತೃಪ್ತಿಯಲ್ಲಿ ಸ್ನಾನಕ್ಕೆ ಹೋದ. ಹೆಂಡತಿ ಅವಸರದಲ್ಲಿ ಬಂದು, ಚೀಲವನ್ನು ಸೀಟಿಗೆ ಎಸೆದು, ಕಾರು ಹೊರಡಿಸಿಕೊಂಡು ಹೋಗಿಬಿಟ್ಟಳು.

ಹನ್ನೊಂದಕ್ಕೆ ಫೋನು ಬಂತು.

“ರೀ, ಕಾರಿಗೆ ಏನು ಮಾಡಿದ್ರಿ?”

“ಗುರುತು ಹಾಕಿದೀನಿ ಅಷ್ಟೇ.”

“ಗುರುತಾ? ಆ ಮೊಣಕಾಲು ನೋವಿನ ಅಜ್ಜಿ ಕಿಟಕಿಯಿಂದ ನೋಡಿ ಏನಂದ್ರು ಗೊತ್ತಾ? ‘ನರ್ಸಮ್ಮ, ನಿನ್ನ ಕಾರಿಗೂ ಮೈಯೆಲ್ಲ ಎದ್ದಿದೆಯಲ್ಲೇ, ಮುಲಾಮು ಹಚ್ಚಿದ್ಯಾ?’ ಅಂತ. ಸಿಗ್ನಲ್ಲಲ್ಲಿ ಪೊಲೀಸಿನವನು ಬಗ್ಗಿ ಬಗ್ಗಿ ಹದಿನೇಳರವರೆಗೂ ಓದಿದ!”

“ಹದಿನೆಂಟನೇದು ಹಿಂದಿನ ಗಾಜಲ್ಲಿದೆ, ಅವನಿಗೆ ಕಂಡಿರಲ್ಲ” ಎಂದ ಕೊಂಬಣ್ಣ. ಫೋನು ಕಟ್ಟಾಯಿತು.

ಆ ಮಧ್ಯಾಹ್ನ ಅವಳು ಮುನಿಸಿನಲ್ಲೇ ಉಂಡು ಸ್ವಲ್ಪ ಹೊತ್ತು ಮಲಗಿದಳು. ಕೊಂಬಣ್ಣನಿಗೆ ಇಪ್ಪತ್ತೊಂಬತ್ತನೆಯ ಗುಳ್ಳೆಯ ಬಗ್ಗೆ ಅನುಮಾನ. ಎಡಬದಿಯ ಹಿಂದಿನ ಗಾಜಿನ ಕೆಳ ಅಂಚಿನಲ್ಲಿತ್ತು ಅದು. ಅರ್ಧ ಮಾತ್ರ ಮೇಲೆ ಕಾಣುತ್ತಿತ್ತು, ಉಳಿದರ್ಧ ಬಾಗಿಲಿನ ರಬ್ಬರಿನ ಹಿಂದೆ. ಅರ್ಧ ಓದಿದ ಸಾಲನ್ನು ಅವನು ಜೀವಮಾನದಲ್ಲಿ ಬಿಟ್ಟವನಲ್ಲ. ಹಳೆಯ ಕಾರು, ಗಾಜಿಗೆ ತಿರುಗಿಸುವ ಹಿಡಿ. ಇಳಿಸಿ ಏರಿಸಿದರೆ ರಬ್ಬರು ಸ್ವಲ್ಪ ಸರಿದೀತು, ಎರಡು ಬೆರಳಷ್ಟು ಇಳಿಸಿದರೆ ಏನು ಮಹಾ ಎಂದುಕೊಂಡು ಮೆಲ್ಲಗೆ ತಿರುಗಿಸಿದ.

ಗಾಜು ಇಳಿಯಿತು. ಫಿಲ್ಮ್ ಇಳಿಯಲಿಲ್ಲ. ಇನ್ನೂ ಹಸಿಯಾಗಿದ್ದ ಅಂಚು ರಬ್ಬರಿಗೆ ಸಿಕ್ಕಿಕೊಂಡು, ಗಾಬರಿಯಲ್ಲಿ ಅವನು ಗಾಜನ್ನು ಮೇಲೇರಿಸುವಷ್ಟರಲ್ಲಿ ಕೆಳಗಿನ ಮೂಲೆಯಿಂದ ಅಂಗೈಯಗಲ ಕಿತ್ತುಬಂದು, ಒಣಗಿದ ಎಲೆಯ ಹಾಗೆ ಸುರುಳಿ ಸುತ್ತಿಕೊಂಡಿತು.

ಕೊಂಬಣ್ಣ ಬೆವರಿದ. ಒಳಗೆ ಹೋಗಿ ಮೇಜಿನ ಡ್ರಾಯರಿನಿಂದ ಗೋಂದಿನ ಬಾಟಲಿ ತಂದ. ಕರಡಿನ ಹಾಳೆಗೆ ಚೀಟಿ ಅಂಟಿಸಿ ಅಂಟಿಸಿ ಪಳಗಿದ ಕೈ. ಸುರುಳಿಯನ್ನು ಬಿಡಿಸಿ, ಗೋಂದು ಸವರಿ, ಹೆಬ್ಬೆರಳಿನಿಂದ ಒತ್ತಿದ. ಗಾಜಿನ ಆ ಮೂಲೆ ಮೋಡ ಕವಿದಂತೆ ಬೆಳ್ಳಗಾಯಿತು. ಒತ್ತಿದಷ್ಟೂ ಮೋಡ ಹರಡಿತು. ಕೊನೆಗೆ ಒಂದು ಟವೆಲನ್ನು ಕಿಟಕಿಗೆ ಒಣಗಹಾಕಿದ ಹಾಗೆ ಇಳಿಬಿಟ್ಟು ಬಂದ.

“ನಾಳೆನೇ ಅಂಗಡಿಗೆ ಹೋಗೋಣ” ಎಂದ ಸಂಜೆ.

“ಮೂರು ವಾರ ಅಂದಿದಾಳಲ್ಲ?”

“ನಲವತ್ತೇಳು ತಪ್ಪು ಇಟ್ಕೊಂಡು ಮೂರು ವಾರ ಕಾಯಕ್ಕಾಗತ್ತಾ?”

ಹೆಂಡತಿ ಅವನ ಮುಖವನ್ನು ಕ್ಷಣಹೊತ್ತು ನೋಡಿದಳು. ಆಮೇಲೆ ಕಾರಿನ ಕಿಟಕಿಗೆ ಇಳಿಬಿದ್ದಿದ್ದ ಟವೆಲನ್ನು ನೋಡಿದಳು.

ಅಂಗಡಿಯಾಕೆ ವೃತ್ತಗಳಿಂದ ತುಂಬಿದ ಕಾರನ್ನು ಕಂಡು ಮೊದಲು ಬಾಯಿ ಮುಚ್ಚಿಕೊಂಡಳು, ಆಮೇಲೆ ಹೊಟ್ಟೆ ಹಿಡಿದುಕೊಂಡಳು. ಕೊಂಬಣ್ಣ ಗಂಭೀರವಾಗಿ ಪಟ್ಟಿ ಕೊಟ್ಟ. ಅವಳು ಒಂದೊಂದೇ ವೃತ್ತದ ಹತ್ತಿರ ಹೋಗಿ ಒಳಗಿನಿಂದ ಬೆರಳಲ್ಲಿ ಒತ್ತಿ ನೋಡಿದಳು. “ಮೆತ್ತಗಿದ್ರೆ ನೀರು ಅಣ್ಣಾ, ಹೋಗುತ್ತೆ. ಚುಚ್ಚಿದ ಹಾಗೆ ಗಟ್ಟಿ ಇದ್ರೆ ಧೂಳು, ಅದು ಹೋಗಲ್ಲ. ಅದು ನನ್ನ ತಪ್ಪು.” ಎಡಬದಿಯ ಹಿಂದಿನ ಬಾಗಿಲಿಗೆ ಬಂದಾಗ ಟವೆಲನ್ನು ಎತ್ತಿದಳು. ಮೂಗು ಅರಳಿಸಿದಳು.

“ಇದೇನು ಗೋಂದಿನ ವಾಸನೆ? ನಾವು ಇಲ್ಲಿ ಗೋಂದು ಹಾಕಲ್ವಲ್ಲ.”

“ನಾನು ಗಾಜು ಇಳಿಸ್ಲಿಲ್ಲ” ಎಂದ ಕೊಂಬಣ್ಣ, ಯಾರೂ ಕೇಳದಿದ್ದರೂ.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ” ಎಂದಳು ಹೆಂಡತಿ, ಆಕಾಶ ನೋಡುತ್ತಾ.

ಕೊಂಬಣ್ಣನ ಕಿವಿ ಕೆಂಪಾಯಿತು. ಮೂವತ್ತೊಂದು ವರ್ಷದಲ್ಲಿ ಗೊತ್ತಿದ್ದೂ ಒಂದು ತಪ್ಪನ್ನು ಮುಚ್ಚಿಟ್ಟು ಅವನು ಯಾವ ಹಾಳೆಗೂ ಸಹಿ ಹಾಕಿರಲಿಲ್ಲ. ಅಂಗಡಿಯಾಕೆಯ ಕೈಯಿಂದ ಪಟ್ಟಿಯನ್ನು ತೆಗೆದುಕೊಂಡು, ಜೇಬಿನಿಂದ ಕೆಂಪು ಪೆನ್ನು ತೆಗೆದು, ಕೆಳಗೆ ಬರೆದ: ‘ನಲವತ್ತೆಂಟು. ಎಡ, ಹಿಂದೆ. ಫಿಲ್ಮ್ ಕಿತ್ತುಬಂದಿದೆ. ಕಿತ್ತವನು ನಾನು.’ ಓದಿ ಹಿಂತಿರುಗಿಸಿದ.

ಅಂಗಡಿಯಾಕೆ ನಗಲಿಲ್ಲ. ಪಟ್ಟಿಯನ್ನು ಮತ್ತೆ ಮೇಲಿನಿಂದ ಓದತೊಡಗಿದಳು. ಓದುತ್ತಾ ಗಟ್ಟಿ ಇದ್ದವಕ್ಕೆ ಗೆರೆ ಹಾಕಿದಳು. ಒಂಬತ್ತು. ಕೊಂಬಣ್ಣ ಅವಳ ಭುಜದ ಹಿಂದಿನಿಂದ ಇಣುಕಿದ.

“ನೋಡಮ್ಮ, ಒಂಬತ್ತರಲ್ಲಿ ಎಂಟು ಎಡಗಡೆ ಇದೆ. ಒಂದೇ ತಪ್ಪು ಒಂದೇ ಕಡೆ ಮತ್ತೆ ಮತ್ತೆ ಬಂದ್ರೆ ಅದು ಕೈತಪ್ಪಲ್ಲ. ನಮ್ಮಲ್ಲಿ ಹಾಗಾದ್ರೆ ಯಂತ್ರ ನೋಡ್ತಿದ್ವಿ.”

“ನಂಗೆ ಒಂದು ತಿಂಗಳಿಂದ ಇದೇ ಗೋಳು ಅಣ್ಣಾ. ಎಷ್ಟು ತೊಳೆದ್ರೂ ಧೂಳು. ಸುರುಳಿನೇ ಸರಿಯಿಲ್ಲ ಅಂತ ಕಂಪನಿಯವರ ಹತ್ರ ಜಗಳ ಕೂಡ ಆಡಿದೆ.”

“ಕಾರು ಯಾವಾಗಲೂ ಇದೇ ದಿಕ್ಕಿಗೆ ನಿಲ್ಲಿಸ್ತೀಯಾ?”

“ಹೌದು, ಮೂತಿ ಒಳಗೆ.”

“ಎಡಗಡೆ ಗೋಡೇಲಿ ಏನಿದೆ?”

ಮೂವರೂ ತಿರುಗಿ ನೋಡಿದರು. ಗೋಡೆಯಲ್ಲಿ, ಸೆಖೆ ತಡೆಯಲಾರದೆ ಹೋದ ತಿಂಗಳಷ್ಟೇ ಹಾಕಿಸಿದ ಹೊಸ ಫ್ಯಾನು ಕತ್ತು ತಿರುಗಿಸುತ್ತಾ, ಟೈರ್ ಅಂಗಡಿಯ ಕಡೆಯ ಧೂಳನ್ನೆಲ್ಲ ಎಳೆದು, ಕಾರಿನ ಎಡಗೆನ್ನೆಗೆ ಊದುತ್ತಾ ಇತ್ತು.

“ಅಯ್ಯೋ ನನ್ನ ಕರ್ಮವೇ!” ಎಂದು ಅಂಗಡಿಯಾಕೆ ಹಣೆ ಚಚ್ಚಿಕೊಂಡಳು. ಹೋಗಿ ಫ್ಯಾನಿನ ಸ್ವಿಚ್ಚನ್ನು ಅದರ ಕಿವಿ ಹಿಂಡಿದ ಹಾಗೆ ಒತ್ತಿದಳು.

ಎಡಬದಿಯ ಎರಡೂ ಗಾಜುಗಳ ಫಿಲ್ಮನ್ನು ಅವಳು ಅಂದೇ ಕಿತ್ತು ಹೊಸದಾಗಿ ಅಂಟಿಸಿದಳು. ನಲವತ್ತೆಂಟನೆಯದೂ ಅದರಲ್ಲೇ ಸೇರಿಹೋಯಿತು. ಕೆಲಸ ಮುಗಿಯುವವರೆಗೆ ಕೊಂಬಣ್ಣನನ್ನು ಹೊರಗೆ, ಬೆನ್ನು ತಿರುಗಿಸಿ ಕೂರಿಸಿದ್ದರು. ಉಳಿದ ಒಂದು ಧೂಳಿನ ಚುಕ್ಕೆ ಓಡಿಸುವವರ ಪಕ್ಕದ ಗಾಜಿನಲ್ಲಿತ್ತು. ಅದನ್ನೂ ತೆಗೆಸೋಣವೆಂದು ಅವನು ಹೊರಟಾಗ ಹೆಂಡತಿ ತಡೆದಳು. “ಅದು ನನ್ನ ಕಡೆ ಗಾಜು. ನನಗೆ ಕಾಣದ್ದನ್ನ ನೀವು ಕಾಣಬೇಡಿ.”

ಮುಂದಿನ ಮೂರು ವಾರ ಅಂಗಳದಲ್ಲಿ ದಿನವೂ ಬೆಳಗ್ಗೆ ಅದೇ ಕೆಲಸ. ಒಂದೊಂದು ಗುಳ್ಳೆ ಆರಿದಂತೆ ಕೊಂಬಣ್ಣ ಅದರ ವೃತ್ತವನ್ನು ಬಟ್ಟೆಯಿಂದ ಅಳಿಸುತ್ತಿದ್ದ. ಕೊನೆಯ ಗುಳ್ಳೆ ಹೋದ ದಿನ ಅವನು ಅನ್ನ ಕಡಿಮೆ ಉಂಡ. ಮಾರನೆಯ ದಿನ ಅಂಗಡಿಯಾಕೆ ತಾನೇ ಫೋನು ಮಾಡಿ, ವಾರಕ್ಕೆರಡು ದಿನ ಬಂದು ಕಾರುಗಳನ್ನು ಕೊಡುವ ಮೊದಲು ನೋಡಿಕೊಡುತ್ತೀರಾ ಎಂದು ಕೇಳಿದಳು. ಷರತ್ತು ಒಂದೇ: ಮೂರು ಹೆಜ್ಜೆ ದೂರ ನಿಲ್ಲಬೇಕು, ಹತ್ತು ಎಣಿಸುವಷ್ಟು ಹೊತ್ತು ಮಾತ್ರ ನೋಡಬೇಕು. ಗಿರಾಕಿಯ ಎದುರು ಮಾರ್ಕರ್ ಮುಟ್ಟಬಾರದು.

ಮೊದಲ ವಾರವೇ ಪರೀಕ್ಷೆ ಬಂತು. ದೊಡ್ಡದೊಂದು ಕಾರಿನ ಯಜಮಾನ ತನ್ನ ಗಾಜುಗಳನ್ನು ನೋಡಿ ಹಿಗ್ಗಿಹೋಗಿ, “ಹೇಗಿದೆ ಯಜಮಾನ್ರೇ?” ಎಂದು ಕೊಂಬಣ್ಣನನ್ನೇ ಕೇಳಿದ. ಮೂರು ಹೆಜ್ಜೆ ದೂರದಿಂದ, ಏಳು ಎಣಿಸುವಾಗಲೇ, ಹಿಂದಿನ ಗಾಜಿನ ಮೂಲೆಯಲ್ಲಿ ಒಂದು ಚುಕ್ಕೆ ಕೊಂಬಣ್ಣನಿಗೆ ಕಂಡಾಗಿತ್ತು. ಅಂಗಡಿಯಾಕೆ ಕೆಮ್ಮಿದಳು. ಅವನು ಎಂಟು, ಒಂಬತ್ತು, ಹತ್ತು ಎಣಿಸಿದ.

“ಚೆನ್ನಾಗಿದೆ” ಎಂದ.

ಕಾರು ಹೊರಟುಹೋದ ಮೇಲೆ ಅವನು ಸ್ಟೂಲಿನ ಮೇಲೆ ಕುಸಿದು ಕೂತ. ಅಂಗಡಿಯಾಕೆ ಚಹಾ ತಂದಿಟ್ಟಳು. “ನಂಗೂ ಕಂಡಿತ್ತು ಅಣ್ಣಾ. ನೀರು ಅದು, ಹದಿನೈದು ದಿನಕ್ಕೆ ಹೋಗುತ್ತೆ.”

“ನೀರಲ್ಲ, ಧೂಳು.”

“ನೀರು.”

“ಧೂಳಮ್ಮ!”

ಚಹಾ ಆರಿ ಕೆನೆ ಕಟ್ಟಿತು. ಹದಿನಾರನೆಯ ದಿನ ಆ ಯಜಮಾನನನ್ನು ಏನಾದರೊಂದು ನೆಪ ಹೇಳಿ ಕರೆಸಿ, ಕಾರನ್ನು ನೋಡಿಯೇ ತೀರುವುದೆಂದು ಇಬ್ಬರೂ ಒಪ್ಪಿಕೊಂಡರು.